ತೂಕದ ಚೀಟಿ

ಹೈವೇ ಪಕ್ಕದ ಹೊಸ ಬ್ರಾಂಚಲ್ಲಿ
ಬೆಣ್ಣೆ ಮಸಾಲೆಯ ಎದುರು ಐನೂರ ನಲವತ್ತು.
'ಇಷ್ಟೊಂದಾ?' ಅಂದೆ.
'ಅದು ರೇಟಲ್ಲ ಸಾರ್, ಕ್ಯಾಲೊರಿ,' ಅಂದ
ಟೋಪಿ ಹುಡುಗ.

ಮೂವತ್ತೊಂದು ವರ್ಷ ಮಂಡ್ಯದ ಫ್ಯಾಕ್ಟರಿ ಗೇಟಲ್ಲಿ
ಕಬ್ಬಿನ ಗಾಡಿ ತೂಗಿದವನು ನಾನು.
ತುಂಬಿ ಬಂದಾಗೊಮ್ಮೆ, ಬರಿದಾಗಿ ಹೋಗುವಾಗೊಮ್ಮೆ;
ಕಳೆದು ಉಳಿದದ್ದೇ ಲೆಕ್ಕ.
ಗಾಡಿ ಮೇಲೆ ಕೂತ ಮಕ್ಕಳು
ದಾರಿಯುದ್ದ ಮುರಿದು ತಿಂದ ಜಲ್ಲೆ
ಯಾವ ಚೀಟಿಗೂ ಬರಲಿಲ್ಲ.

ಇಲ್ಲಿ ಉಲ್ಟಾ:
ಬರಿದಾಗಿ ಬಂದು ತುಂಬಿ ಹೋಗುವ ಗಾಡಿಗಳು.

ಸಾಕಮ್ಮ ಬೋರ್ಡು ನೋಡಲೇ ಇಲ್ಲ,
ಕನ್ನಡಕ ಬ್ಯಾಗಲ್ಲೇ ಇತ್ತು.
ನೂರ ಇಪ್ಪತ್ತರ ನನ್ನ ಇಡ್ಲಿ ತಟ್ಟೆಗೆ
ತನ್ನ ದೋಸೆಯ ಗರಿಗರಿ ತುದಿ ಮುರಿದಿಟ್ಟಳು,
ಬೆರಳಿಗಂಟಿದ ಬೆಣ್ಣೆ ಸಮೇತ.

ಆ ಚೂರಿಗೆಷ್ಟು?
ಹುಡುಗ ಅಲ್ಲೇ ನಿಂತಿದ್ದ.
ಕೇಳಲಿಲ್ಲ. ತಿಂದೆ.