ಮೂರನೇ ತರಗತಿಗೆ ತೂಕದ ಪಾಠ

ರಾತ್ರಿ ಎರಡರವರೆಗೆ ಕೂತು ಬರೆದೆ.
ಉದ್ದೇಶ, ಸಾಮಗ್ರಿ, ಚಟುವಟಿಕೆ, ನಿಮಿಷ:
ನಾಲ್ಕು ಕಂಬ, ಸ್ಕೇಲಿಟ್ಟು ಎಳೆದ ಗೆರೆ.
ಐದನೆಯದಕ್ಕೆ ಕಾಲೇಜಿನವರಿಟ್ಟ ಹೆಸರು
ನಿರೀಕ್ಷಿತ ಉತ್ತರ.
ಅದನ್ನೂ ತುಂಬಿದೆ, ಮಕ್ಕಳ ಪರವಾಗಿ,
ಇನ್ನೂ ಬಾಯಿ ತೆರೆಯದವರ ಬಾಯಿಗೆ
ನಾನೇ ಮಾತಿಟ್ಟು.

ಸಾಮಗ್ರಿ:
ಸೋದರತ್ತೆಯ ಮರದ ಹ್ಯಾಂಗರ್ ಒಂದು.
ಕೋಟು ಈಗ ಕುರ್ಚಿಯ ಮೇಲೆ, ಅತ್ತೆಗೆ ಗೊತ್ತಿಲ್ಲ.
ಮತ್ಸೋನಿ ಮೊಸರಿನ ಬಟ್ಟಲು ಎರಡು,
ಮೂರು ಸಲ ತೊಳೆದರೂ ಹುಳಿ ಬಿಡದವು.
ದಾರ. ಎಂಗುರಿ ಹೊಳೆಯ ದುಂಡುಗಲ್ಲು,
ಜೇಬಿನ ಹೊಲಿಗೆ ಬಿಡುವಷ್ಟು.
ಹೇಜಲ್ ಕಾಯಿ ನಲವತ್ತು.
"ಎಣಿಸಿ ತಾ, ಎಣಿಸಿ ಒಯ್ಯಿ"
ಎಂದಿದ್ದರು ಲಾಮಾರಾ ಮಾಸ್.

ಮೂವತ್ತೊಂದು ವರ್ಷ ಅದೇ ಹಲಗೆಯ ಮುಂದೆ ನಿಂತವರು
ಇವತ್ತು ಕೊನೆಯ ಬೆಂಚಿನಲ್ಲಿ,
ಸೌದೆ ಒಲೆಗೆ ಬೆನ್ನು ಕೊಟ್ಟು, ಕೈಯಲ್ಲಿ ಕೆಂಪು ಪೆನ್ಸಿಲು.
ನನ್ನ ಕಡೆ ನೋಡುವುದಿಲ್ಲ,
ಗಡಿಯಾರ ನೋಡುತ್ತಾರೆ.

ಭೂಪಟದ ಮೊಳೆಗೆ ತಕ್ಕಡಿ ತೂಗುಹಾಕಿದ್ದೇ ತಡ
ಹದಿನೆಂಟು ಮಕ್ಕಳೂ ಬೆಂಚಿನಿಂದಿಳಿದರು.
ಒಬ್ಬನನ್ನು ಕೂರಿಸಿದರೆ ಇಬ್ಬರು ಎದ್ದರು,
ಇಬ್ಬರನ್ನು ಕೂರಿಸಿದರೆ ಮೂಲೆಯಿಂದ ಮತ್ತೊಬ್ಬಳು.
ಕಪ್ಪೆ ತೂಗುವುದೆಂದರೆ ಇದೇ ಇರಬೇಕು
ಅಂದುಕೊಂಡೆ, ಇನ್ನೂ ಕಾಯಿ ತೂಗುವ ಮೊದಲೇ.

ಎಡಕ್ಕೆ ಎಂಟು ಕಾಯಿ, ಬಲಕ್ಕೆ ಒಂದು ಕಲ್ಲು.
ರಾತ್ರಿ ಅಡುಗೆಮನೆಯಲ್ಲಿ ಸರಿಸಮ ನಿಂತಿದ್ದವು,
ಉಸಿರು ಬಿಡಲೂ ಹೆದರಿದ್ದೆ ನಾನು.
ಈಗ ಎಡಬಟ್ಟಲು ದಬಕ್ಕನೆ ಕೆಳಗೆ.
"ಕಲ್ಲಿಗಿಂತ ಕಾಯಿಯೇ ಭಾರ!" ಗೋಚಾ ಕುಣಿದ.
ಇನ್ನೊಂದು ಸಲ ಇಟ್ಟೆ. ಮತ್ತೆ ಕೆಳಗೆ.
ಕಲ್ಲು ಬದಲಿಸಿದೆ. ಕಾಯಿ ಬದಲಿಸಿದೆ.
ಕಿವಿ ಬಿಸಿಯಾಯಿತು.
ಹಿಂದಿನಿಂದ ಪೆನ್ಸಿಲಿನ ಸದ್ದು,
ಏನನ್ನೋ ಬರೆಯುವ ಸದ್ದು.

ಆಗ ಕಿಟಕಿ ಪಕ್ಕದ ತ್ಸಿರಾ,
ಮೂರು ವಾರದಲ್ಲಿ ಹಾಜರಿಗೆ "ಇದ್ದೇನೆ" ಅಂದದ್ದು ಬಿಟ್ಟರೆ
ಏನೂ ಅನ್ನದ ತ್ಸಿರಾ,
ಕೈ ಎತ್ತದೆ, ಎದ್ದೂ ನಿಲ್ಲದೆ ಅಂದಳು:
"ಅದಲುಬದಲು ಮಾಡಿ ಮಾಸ್.
ಇದನ್ನ ಅದರಲ್ಲಿ, ಅದನ್ನ ಇದರಲ್ಲಿ.
ಕಾಯಿ ಕೊಳ್ಳೋನು ಬಂದಾಗ ನಮ್ಮಜ್ಜಿ ಹಂಗೇ ಮಾಡ್ಸೋದು.
ಎರಡು ಸಲಾನೂ ಒಂದೇ ಕಡೆ ಬಗ್ಗಿದ್ರೆ
ತಪ್ಪು ಕಾಯೀದಲ್ಲ."

ನನ್ನನ್ನು ಮಾಸ್ ಎಂದದ್ದು ಅದೇ ಮೊದಲು, ಯಾರಾದರೂ.

ಬದಲಿಸಿದೆವು.
ಎಡಕ್ಕೆ ಕಲ್ಲು, ಬಲಕ್ಕೆ ಕಾಯಿ.
ಎಡಬಟ್ಟಲೇ ಕೆಳಗೆ, ನಾಚಿಕೆಯಿಲ್ಲದೆ.
ಹದಿನೆಂಟು ತಲೆ ಹ್ಯಾಂಗರಿನ ಕೆಳಗೆ ಕೂಡಿದವು.
ದಾರಿಯಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ,
ಬಲಗಡೆಯ ದಾರ ಒಳಕ್ಕೆ ಜರುಗಿತ್ತು,
ಒಂದು ಬೆರಳಿನಷ್ಟು.
ಜಾಬಾ ಕುರ್ಚಿ ಹತ್ತಿ ಸರಿಸಿದ,
"ಇನ್ನೂ, ಇನ್ನೂ, ಅಯ್ಯೋ ಜಾಸ್ತಿಯಾಯ್ತು" ಎಂದು
ಕೆಳಗಿನವರೆಲ್ಲ ಕೂಗಿದರು.
ಕಡ್ಡಿ ನಡುಗಿತು, ತೂಗಿತು,
ನಿಂತಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಗಾಳಿಯಾಡೀತೆಂದು.

ಆಮೇಲೆ ನನ್ನ ನಿಮಿಷಗಳ ಕಂಬ ಮುರಿದು ಬಿತ್ತು.
ಸೀಮೆಸುಣ್ಣ ತೂಗಿದರು, ಒದ್ದೆ ಕೈಗವಸು, ಒಣ ಕೈಗವಸು,
ನಿನ್ನೆಯಷ್ಟೇ ಬಿದ್ದ ಜಾಬಾನ ಹಾಲುಹಲ್ಲು.
ಹಲ್ಲಿಗೆ ಕಾಯಿ ಬಹಳ ಭಾರ,
ಸಿಪ್ಪೆಯ ಚೂರು ಬೇಕಾಯಿತು.
ಗಂಟೆ ಹೊಡೆಯಿತು. ಯಾರಿಗೂ ಕೇಳಿಸಲಿಲ್ಲ.
ಲಾಮಾರಾ ಮಾಸ್ ಎದ್ದು ಬಂದರು,
ಸಾಲಿನಲ್ಲಿ ನಿಂತರು, ಸರದಿ ಬಂದಾಗ
ಕೆಂಪು ಪೆನ್ಸಿಲನ್ನು ಬಟ್ಟಲಿಗೆ ಹಾಕಿದರು.
ಮೂರು ಕಾಯಿ.
"ಇಷ್ಟೇನಾ" ಅಂದರು, ಪೆನ್ಸಿಲಿಗೋ ನನಗೋ.

ಎಣಿಸಿದಾಗ ಕಾಯಿ ಮೂವತ್ತಾರು.
ಒಲೆಯ ಬಳಿ ಸಿಪ್ಪೆ ಸಿಕ್ಕಿತು.
ಆ ಬೆಂಚಿನಲ್ಲಿ ಮಕ್ಕಳು ಕೂತಿರಲಿಲ್ಲ.

ಸಂಜೆ ಹ್ಯಾಂಗರನ್ನು ಸದ್ದಿಲ್ಲದೆ ಬಾಗಿಲ ಹಿಂದೆ ಸೇರಿಸಿದೆ,
ಚಾಕುವಿನ ಗೀರು ಗೋಡೆಯ ಕಡೆಗಿಟ್ಟು.
ಐದನೆಯ ಕಂಬವನ್ನು ಏನು ಮಾಡಲಿ ಎಂದು
ಊಟದ ಮೇಜಿನಲ್ಲಿ ಕೂತಿದ್ದಾಗ
ಅತ್ತೆ ಅಂದಳು,
"ಈ ಕೋಟು ಯಾಕೋ ಒಂದೇ ಕಡೆ ವಾಲುತ್ತದಲ್ಲ."

ತಿರುಗಿಸಿ ಹಾಕು, ನೋಡೋಣ ಎಂದೆ.