ನೂರೆಂಬತ್ತು ದಿನದೊಳಗೆ

ಮೂರು ದಾರಿಗಳಿವೆ ಎಂದರು ವಕೀಲೆ ಹಾಲ್ವರ್ಸನ್.
ದಾರಿ ಎಂಬ ಮಾತಿಗೆ ನಾನು ಬೆಚ್ಚಿದ್ದನ್ನು ಅವರು ನೋಡಲಿಲ್ಲ,
ಹಳದಿ ಕಾಗದಕ್ಕೆ ಗೆರೆ ಎಳೆಯುತ್ತಿದ್ದರು.
ಹೊರಗೆ ಕಾಸಾ ಗ್ರಾಂಡೆಯ ಮಧ್ಯಾಹ್ನ, ಡಾಂಬರು ಮೆತ್ತಗಾಗುವ ಬಿಸಿಲು.
ನನ್ನ ಮಡಿಲಲ್ಲಿ ರೊಹೇಲಿಯೊನ ಊಟದ ಡಬ್ಬಿ.
ಪೊಲೀಸರು ಕೊಟ್ಟ ಚೀಲದಲ್ಲಿ
ನಜ್ಜುಗುಜ್ಜಾಗದೆ ಉಳಿದದ್ದು ಅದೊಂದೇ.

ಮೊದಲನೆಯದು, ಎದುರು ಬಂದವನ ವಿಮೆ.
ಅವನೂ ಸತ್ತ. ಇಪ್ಪತ್ತಾರು ವರ್ಷ.
ಕಾನೂನು ಕೇಳುವಷ್ಟೇ ಕಟ್ಟಿದ್ದ: ಇಪ್ಪತ್ತೈದು ಸಾವಿರ ಡಾಲರು.
ಹೆಲಿಕಾಪ್ಟರಿನ ಬಿಲ್ಲಿಗೇ ಅದು ಸಾಲದು.
ಎದುರಿನವನದು ಸಾಲದಾದಾಗ ತುಂಬಿಕೊಡುವ ಕಲಮೊಂದು
ನಮ್ಮ ಪಾಲಿಸಿಯಲ್ಲೇ ಇರಬಹುದಿತ್ತು.
ಬೇಡವೆಂದು ಸಹಿ ಹಾಕಿದ್ದ ರೊಹೇಲಿಯೊ,
ತಿಂಗಳಿಗೆ ಹನ್ನೊಂದು ಡಾಲರು ಉಳಿಯುತ್ತದೆಂದು.
ಆ ಹನ್ನೊಂದರಲ್ಲಿ ನಾವು ಐಸ್‌ಕ್ರೀಂ ತಿಂದೆವು,
ಎಷ್ಟೋ ಭಾನುವಾರ.

ಎರಡನೆಯದು, ಅವನಿಗೆ ಕುಡಿಸಿದ ಬಾರು.
ತೂರಾಡುವವನ ಗ್ಲಾಸಿಗೆ ಮತ್ತೂ ಸುರಿದರೆ
ಸುರಿದವನೂ ಹೊಣೆ.
ಬಿಲ್ಲು ಸಿಕ್ಕಿದೆ: ಒಂಬತ್ತು ಗ್ಲಾಸು, ಒಂದು ತಟ್ಟೆ ಆಲೂಗಡ್ಡೆ.
ಆದರೆ ಅಲ್ಲಿಯ ಕ್ಯಾಮೆರಾ
ಮೂವತ್ತು ದಿನಕ್ಕೆ ತನ್ನ ಕಂಡದ್ದನ್ನೆಲ್ಲ ತಾನೇ ಒರೆಸಿಕೊಳ್ಳುತ್ತದಂತೆ.
ಇಂದು ಇಪ್ಪತ್ತೇಳು.
ನಾನು ನೀರು ಕುಡಿದು ಲೋಟ ಇಡುವುದರೊಳಗೆ
'ಒರೆಸಬೇಡಿ' ಎಂಬ ಪತ್ರ ಹೊರಟುಹೋಯಿತು.
ಆ ರಾತ್ರಿಯಿಂದೀಚೆಗೆ ನನಗಾಗಿ ಯಾರೂ
ಇಷ್ಟು ಬೇಗ ಏನನ್ನೂ ಮಾಡಿರಲಿಲ್ಲ.
ಅಳು ಬಂದದ್ದು ಅದಕ್ಕೆ.

ಮೂರನೆಯದು ಸರ್ಕಾರ.
ನೂರೆಂಬತ್ತು ದಿನದೊಳಗೆ ನೋಟಿಸು, ಕೇಳುವ ಮೊತ್ತ ಬರೆದು.
ನೂರೆಂಬತ್ತೊಂದನೆಯ ದಿನ ಕದ ಮುಚ್ಚುತ್ತದೆ,
ಗಾಯ ಎಷ್ಟೇ ಹಸಿಯಿರಲಿ.
ಇಳಿಯುವ ದಾರಿಯನ್ನು ಅವನು ಹತ್ತಿದ್ದ.
ಅಲ್ಲಿ ತಡೆದು ನಿಲ್ಲಿಸಬೇಕಿದ್ದ ಕೆಂಪು ಫಲಕ ಇರಲಿಲ್ಲ.
ಲಾರಿಯೊಂದು ಗುದ್ದಿ ಕೆಡವಿ ಹದಿನೇಳು ದಿನವಾಗಿತ್ತು,
ಇಬ್ಬರು ಫೋನು ಮಾಡಿ ದೂರಿದ್ದರು.
"ಇದು ಗಟ್ಟಿ," ಎಂದರು ವಕೀಲೆ, ಮೊದಲ ಬಾರಿ ದನಿ ಎತ್ತಿ,
ಫೋಟೋವನ್ನು ನನ್ನ ಕಡೆ ಜರುಗಿಸಿದರು.

ಮುರಿದ ಕಂಬದ ಮೊಂಡು. ಸುತ್ತ ಕಾಂಕ್ರೀಟು.
ಅದರ ಅಂಚಿಗೆ ಕರಣೆಯ ಹಿಡಿಯಿಂದ ಒತ್ತಿದ ಅರ್ಧಚಂದ್ರ.
ನಮ್ಮ ಮನೆಯ ಮೆಟ್ಟಿಲಲ್ಲೂ ಅದೇ ಗುರುತು,
ಮಗಳ ಪುಟ್ಟ ಗೋರಿಯ ಕಟ್ಟೆಯಲ್ಲೂ.
ಇಪ್ಪತ್ತೊಂದು ವರ್ಷ ಹೆದ್ದಾರಿಗೆ ಕಂಬ ನೆಟ್ಟವನು ರೊಹೇಲಿಯೊ.

ಡಬ್ಬಿಯ ಮುಚ್ಚಳದೊಳಗೊಂದು ದುರಸ್ತಿ ಚೀಟಿ,
ಬಿಳಿ, ಹಳದಿ, ಗುಲಾಬಿ, ಮೂರು ಹಾಳೆಯೂ ಹರಿಯದೆ ಅಂಟಿಕೊಂಡು.
'ಕಂಬ ಬಿದ್ದಿದೆ. ತುರ್ತು.'
ತಾರೀಕು ಅದೇ ರಾತ್ರಿಯದು. ಹೊತ್ತು ಮೂರು ಹತ್ತು.
ಕಚೇರಿ ತೆರೆಯುವುದು ಏಳಕ್ಕೆ.
ಮೂರು ನಲವತ್ತಕ್ಕೆ ಎದುರಿಗೆ ದೀಪ ಕಂಡಿರಬೇಕು ಅವನಿಗೆ.

"ನೂರರಲ್ಲಿ ಯಾರ ತಪ್ಪು ಎಷ್ಟೆಂದು ಜ್ಯೂರಿ ಪಾಲು ಹಾಕುತ್ತದೆ," ಎಂದಿದ್ದರು ವಕೀಲೆ.
ಸತ್ತವನೂ ಕಂಡಿದ್ದ, ಕಂಡೂ ಮನೆಗೆ ಹೊರಟ,
ಎರಡು ಶಂಕು ಅಡ್ಡ ಇಡಬಾರದಿತ್ತೇ ಎಂದು ಕೇಳುತ್ತಾರೆ.
ನಾನೂ ಕೇಳಿದ್ದೇನೆ, ಇಪ್ಪತ್ತೇಳು ರಾತ್ರಿ, ಅವನ ದಿಂಬಿಗೆ.

ಡಬ್ಬಿ ತೆರೆದು ಮೇಜಿನ ಮೇಲಿಟ್ಟೆ.
ಅವನ ಪಾಲನ್ನೂ ಬರೆದುಕೊಳ್ಳಿ ಎಂದೆ.
ವಕೀಲೆ ಬಹಳ ಹೊತ್ತು ಪೆನ್ನು ಮುಟ್ಟಲಿಲ್ಲ.
ಮೊತ್ತದ ಜಾಗ ಖಾಲಿಯಿತ್ತು. ನಾಳೆ ಹೇಳುತ್ತೇನೆಂದು ಎದ್ದೆ.

ಮನೆಗೆ ಬರುವಾಗ ಆ ರ‍್ಯಾಂಪಿನ ಬಳಿ ಕಾರು ನಿಲ್ಲಿಸಿದೆ.
ಹೊಸ ಕಂಬ, ಹೊಸ ಕೆಂಪು.
ಬಗ್ಗಿ ಬುಡ ಮುಟ್ಟಿ ನೋಡಿದೆ.
ಕಾಂಕ್ರೀಟು ನುಣ್ಣಗಿತ್ತು, ಯಾರೂ ಏನನ್ನೂ ಒತ್ತಿರಲಿಲ್ಲ.