ಎಡಗೈ

ಶಹಾಬಾದ ಸ್ಟೇಷನ್ ಹೊರಗ
ಚಾ ಆರಿದರೂ ವಾದ ಆರೂದಿಲ್ಲ:
ಚಾಂದಪಾಷಾನಂಥಾ ಬೌಲರ್ ಮತ್ತ ಹುಟ್ಟಾನೇನು?

ವಾಡಿ ಟೀಮಿನ ಮ್ಯಾಲ ಒಂದ ಓವರಿಗೆ ನಾಕು ವಿಕೆಟ್ಟು.
ಟೇಪ್ ಸುತ್ತಿದ ಚೆಂಡು,
ಫರ್ಸಿ ಪುಡಿ ಕುಂತು ಬೆಳ್ಳಗಾದ ಪಿಚ್ಚು,
ಬ್ಯಾಟ್ ಎತ್ತೂದ್ರಾಗ ಸ್ಟಂಪ್ ಹಿಂದ ಬಿದ್ದಿರತಿತ್ತು.
ಸಾಯಬಣ್ಣ ಅಂತಾನ, ಚೆಂಡು ಕಾಣತಿರಲಿಲ್ಲ,
ಬರೇ ಸಪ್ಪಳ.
ನಾ ಕೀಪರ್. ನನಗ ಕಾಣತಿತ್ತು.
ನನ್ನ ಕಿರಿಬೆರಳು ಇನ್ನೂ ಸೊಟ್ಟ.

ಈಗ ಅಂಬು ಬಂದಾನ, ಕಲ್ಲಿನ ಖಣಿ ಕಡೆ ಹುಡುಗ,
ಮೀಸಿ ಮೂಡಿಲ್ಲ, ಚಪ್ಪಲಿ ಬಿಟ್ಟು ಓಡ್ತಾನ.
'ಜೋರ್ ಅದಾನ, ಖರೆ. ಲೈನ್ ಇಲ್ಲ.'
'ಲೈನ್ ಕಲಿಸಬಹುದೋ, ಜೋರು ಎಲ್ಲಿಂದ ತರ್ತಿ?'
ಕ್ಯಾಪ್ಟನ್ ಮಲ್ಕಣ್ಣ ತೊಡಿ ಬಡಕೊಂಡ:
'ಎರಡು ವರ್ಷ ತಡೀರಿ,
ಚಾಂದಪಾಷಾನ ಹೆಸರು ಮರೀತೀರಿ.'

ಚಾಂದಪಾಷಾ ಏನೂ ಅನ್ನಲಿಲ್ಲ.
ಎಡಗೈಲೆ ಚಾ ಸೋಸಿದ.
ಬಲಗೈ ಭುಜದ ಮ್ಯಾಲ ಏರಿ ಹನ್ನೊಂದು ವರ್ಷಾತು;
ಅವನ ತಲಿ ಹಿಕ್ಕಾಕಿ ಹೆಂಡತಿ.

ಅಷ್ಟರಾಗ ಅಂಬು ಬಂದ,
ಬೆವರಿಗೆ ಅಂಗಿ ಬೆನ್ನಿಗೆ ಅಂಟಿ.
ಪಾಷಾ ಕಪ್ಪು ಚಾಚಿದ.
ಹುಡುಗ ಎಡಗೈ ಒಡ್ಡಿದ.

ಕಪ್ಪು ನಡುವ ನಿಂತಿತು.
'ಇವನ ಕಡಿಂದ ಇವತ್ತ ಎಷ್ಟು ಓವರ್ ಹಾಕಿಸಿದಿ?'
ಮಲ್ಕಣ್ಣ ಬೆರಳು ಎಣಿಸಾಕ ಹತ್ತಿದ,
ಎರಡನೇ ಕೈಗೆ ಬಂದಾಗ ಬಿಟ್ಟ.

ಗೂಡ್ಸ್ ಗಾಡಿ ಹೋತು,
ಸಿಮೆಂಟ್ ತುಂಬಿಕೊಂಡು, ಭಾಳ ಉದ್ದಂದು.
ಅದು ಮುಗಿಯೂತನಾ ಯಾರೂ ಮಾತಾಡಲಿಲ್ಲ.
ಮೆರೆಸಲಿಕ್ಕೆ ಹೊರಗಿಟ್ಟಿದ್ದ ಸೊಟ್ಟ ಬೆರಳು
ನಾ ಮೆಲ್ಲಕ ಕಿಸೆದಾಗ ಇಟ್ಟೆ.